ಕಿಸೆಯಲ್ಲಿ ಉಳಿದ ತಂತಿ

೧೯೪೩ನೆಯ ಇಸವಿ, ಯುದ್ಧದ ಕಾಲ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಮೂಡಲಗಿ ಕಡೆಯ ಒಂದು ದೊಡ್ಡ ಹಳ್ಳಿಯ ಟಪಾಲು ಕಚೇರಿಯಲ್ಲಿ ಪೋಸ್ಟ್‌ಮನ್ ಆಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ನನ್ನ ಜೊತೆ ಕೆಲಸ ಮಾಡಿದವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ, ಮತ್ತು ಇದರಲ್ಲಿ ತಪ್ಪು ಮಾಡಿದವನು ನಾನೊಬ್ಬನೇ. ಅರಭಾವಿ ದಾಟಿ ಹೋದರೆ ಘಟಪ್ರಭಾ ಸ್ಟೇಶನ್ನು ನಮ್ಮೂರಿಗೆ ಎಂಟು ಮೈಲು. ಆ ಎಂಟು ಮೈಲನ್ನು ನಾನು ಈ ಜನ್ಮದಲ್ಲಿ ಮರೆಯುವವನಲ್ಲ.

ನಮ್ಮದು ಕ್ರಿಸ್ತನನ್ನು ನಂಬಿದ ಮನೆತನ. ಓಣಿಯಲ್ಲಿ ಅಂಥವೇ ಹದಿನೆಂಟು ಮನೆಗಳು. ಓಣಿಯ ತುದಿಗೆ ಮಣ್ಣಿನ ಗೋಡೆಯ, ಹಂಚು ಹೊದಿಸಿದ ಪ್ರಾರ್ಥನಾ ಮಂದಿರ. ಗಂಟೆಯ ಬದಲು ರೈಲು ಹಳಿಯ ತುಂಡೊಂದನ್ನು ಬೇವಿನ ಮರಕ್ಕೆ ತೂಗುಹಾಕಿದ್ದರು. ಅಲ್ಲಿ ಹಾಡು ಎತ್ತಿಕೊಡುವ ಕೆಲಸ ನನ್ನದು. ದನಿ ಇಂಪಾಗಿತ್ತು ಅಂತಲ್ಲ, ಗಟ್ಟಿಯಾಗಿತ್ತು. "ನಿಮ್ಮ ಹಾಡು ದೇವರಿಗೆ ಮುಟ್ಟತೈತೋ ಇಲ್ಲೋ, ಅರಭಾವಿಗಂತೂ ಮುಟ್ಟತೈತಿ" ಎಂದು ನನ್ನ ಹೆಂಡತಿ ಚೇಷ್ಟೆ ಮಾಡುತ್ತಿದ್ದಳು.

ಸರಕಾರಿ ನೌಕರಿ ಸಿಕ್ಕಾಗ ನನಗಿದ್ದ ಚಿಂತೆ ಒಂದೇ, ರವಿವಾರದ್ದು. ರವಿವಾರ ಟಪಾಲು ಹಂಚುವುದಿಲ್ಲ ನಿಜ, ಆದರೆ ತಂತಿಗಾಗಿ ಬೆಳಿಗ್ಗೆ ಸ್ವಲ್ಪ ಹೊತ್ತು ಕಚೇರಿ ತೆರೆಯುತ್ತಿತ್ತು. ಬಂದ ತಂತಿಯನ್ನು ಮುಟ್ಟಿಸಲು ಒಬ್ಬರು ಇರಲೇಬೇಕು. ಇದಕ್ಕೆ ದಾರಿ ಹುಡುಕಿದವನು ಜೊತೆಯ ಪೋಸ್ಟ್‌ಮನ್ ಹುಸೇನಸಾಬ. ಶುಕ್ರವಾರ ಮಧ್ಯಾಹ್ನ ಅವನು ನಮಾಜಿಗೆ ಹೋದಾಗ ಅವನ ಓಣಿಗಳ ಟಪಾಲು ನಾನು ಹಂಚುವುದು, ರವಿವಾರ ಬೆಳಿಗ್ಗೆ ನನ್ನ ಪಾಳಿ ಅವನು ಕಾಯುವುದು. "ನಿನ್ನ ದೇವರ ಕಡೆ ಹೋಗಾಕ ನಿನಗ ನಾ ರಜಾ ಕೊಡ್ತೇನಿ, ನನ್ನ ದೇವರ ಕಡೆ ಹೋಗಾಕ ನನಗ ನೀ ಕೊಡು" ಎನ್ನುತ್ತಿದ್ದ. ಆರು ವರ್ಷ ಹೀಗೇ ನಡೆಯಿತು. ಸರಕಾರದ ಪಾಲು ಸರಕಾರಕ್ಕೆ, ದೇವರ ಪಾಲು ದೇವರಿಗೆ ಸರಿಯಾಗಿ ಮುಟ್ಟಿಸುತ್ತಿದ್ದೇನೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಓಣಿಯ ಮೊದಲನೆಯ ಮನೆ ಸಾರವ್ವನದು. ಐವತ್ತು ದಾಟಿದ ಹೆಂಗಸು, ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಹೋಗಿದ್ದ. ಒಬ್ಬನೇ ಮಗ ಸಾಮುವೇಲ. ಅವನು ಹೊಟ್ಟೆಯಲ್ಲಿದ್ದಾಗಲೇ ದೇವರ ಸೇವೆಗೆ ಬಿಡುತ್ತೇನೆಂದು ಹರಕೆ ಹೊತ್ತಿದ್ದಳು. ಮಗ ಉಪದೇಶಿಯಾಗಿ ಹಳ್ಳಿಹಳ್ಳಿಗೆ ಸುವಾರ್ತೆ ಹೇಳುತ್ತಾನೆ ಎಂದು ಆಕೆ ಅಂದುಕೊಂಡಿದ್ದರೆ, ಇಪ್ಪತ್ತು ತುಂಬಿದ ಕೂಡಲೇ ಅವನು ಬೆಳಗಾವಿಗೆ ಹೋಗಿ ಫೌಜಿಗೆ ಹೆಸರು ಬರೆಸಿ ಬಂದ.

"ದೇಶಕ್ಕ ಕಷ್ಟ ಬಂದಾಗ ಮನ್ಯಾಗ ಕುಂತು ಹಾಡು ಹಾಡಿದ್ರ ಆಗೂದಿಲ್ಲ, ಯವ್ವಾ" ಎಂದ.

"ಮಂದೀನ ಕೊಲ್ಲಾಕ ಹೋಗಾವನ ತಲಿ ಮ್ಯಾಲ ನಾ ಕೈ ಇಡೂದಿಲ್ಲ" ಎಂದಳು ಇವಳು.

ನಮ್ಮಲ್ಲಿ ಯಾರೇ ದೂರ ಹೊರಟರೂ ಹಿರಿಯರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಕಳಿಸುವುದು ರೂಢಿ. ಸಾಮು ಅವ್ವನ ಮುಂದೆ ತಲೆ ಬಗ್ಗಿಸಿ ನಿಂತ. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡು ಗೋಡೆ ನೋಡುತ್ತ ನಿಂತಳು. ಅವನು ಬಹಳ ಹೊತ್ತು ಕಾದು, ಟ್ರಂಕು ಎತ್ತಿಕೊಂಡು ಹೋದ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಟ್ರಂಕಿನ ಇನ್ನೊಂದು ಬದಿಯ ಹಿಡಿಕೆ ಹಿಡಿದವನು ನಾನೇ.

ಆಮೇಲೆ ಸಾರವ್ವನಿಗೆ ಒಂದು ದಿನವೂ ನೆಮ್ಮದಿಯಿರಲಿಲ್ಲ. ಮಗನ ಕಾಗದ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಆಕೆಗೆ ಅಚ್ಚಿನ ಅಕ್ಷರ ಓದಲು ಬರುತ್ತಿತ್ತು, ಕೈಬರಹ ಬರುತ್ತಿರಲಿಲ್ಲ. ನನ್ನಿಂದ ಓದಿಸುತ್ತಿದ್ದಳು, ಉತ್ತರ ಮಾತ್ರ ಬರೆಸುತ್ತಿರಲಿಲ್ಲ. ಇನ್ನೊಂದು ವಿಷಯ. ನಮ್ಮಂಥ ಸಣ್ಣ ಊರಿಗೆ ಪಾದ್ರಿಗಳು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರು. ಅವರು ಬಂದ ರವಿವಾರ ಮಾತ್ರ ಪ್ರಭುಭೋಜನ, ಅಂದರೆ ಯೇಸುವಿನ ನೆನಪಿಗಾಗಿ ರೊಟ್ಟಿಯ ತುಣುಕನ್ನೂ ದ್ರಾಕ್ಷಾರಸವನ್ನೂ ತೆಗೆದುಕೊಳ್ಳುವುದು. ಯಾರ ಮೇಲಾದರೂ ಮನಸ್ಸಿನಲ್ಲಿ ಕಹಿ ಇದ್ದರೆ ಅದನ್ನು ತೊಳೆದುಕೊಂಡೇ ಕೈಯೊಡ್ಡಬೇಕು. ಸಾರವ್ವ ಎರಡು ವರ್ಷ ಕೈಯೊಡ್ಡಲಿಲ್ಲ. ಎಲ್ಲರೂ ಮುಂದೆ ಹೋದಾಗ ಹಿಂದಿನ ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತಿರುತ್ತಿದ್ದಳು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಪಾದ್ರಿಗಳು ಬಂದರು. ಶನಿವಾರ ಸಂಜೆ ಸಾರವ್ವ ನನ್ನನ್ನು ಕಟ್ಟೆಗೆ ಕರೆದಳು.

"ನಾಳೆ ರೊಟ್ಟಿ ತಗೋತೇನಿ, ದಾನಪ್ಪ. ನನ್ನ ಸಿಟ್ಟು ಇಳದೈತಿ. ಅಂವಾ ಎಲ್ಲಿದ್ರೂ ನನ್ನ ಮಗಾನ. ಸೋಮವಾರ ಬಾ, ಒಂದು ಕಾಗದ ಬರೀಯೂದೈತಿ."

ನನಗೆ ಎಷ್ಟು ಸಂತೋಷವಾಯಿತೆಂದರೆ, ಮನೆಗೆ ಬಂದವನೇ ಚಪ್ಪಲಿ ಕಳಚುವ ಮೊದಲೇ ಹೆಂಡತಿಗೆ ಹೇಳಿದೆ.

ಆ ರವಿವಾರ ಹುಸೇನಸಾಬ ಊರಲ್ಲಿರಲಿಲ್ಲ. ಹುಕ್ಕೇರಿಯಲ್ಲಿ ಅವನ ತಂಗಿಯ ಮಗಳ ಮದುವೆ. ಆದ್ದರಿಂದ ಪಾಳಿ ನನ್ನದೇ. ಕಚೇರಿ ಮುಚ್ಚಿದ ಮೇಲೆ ಪ್ರಾರ್ಥನೆಗೆ ಹೊತ್ತಿರುತ್ತದೆ, ಚಿಂತೆಯಿಲ್ಲ ಎಂದುಕೊಂಡು ಖಾಕಿ ಅಂಗಿಯಲ್ಲೇ ಹೋಗಿ ಕುಳಿತೆ. ಒಂಬತ್ತಕ್ಕೆ ಇನ್ನೇನು ಬಾಗಿಲು ಹಾಕಬೇಕು, ತಂತಿಯಂತ್ರ ಕಟಕಟ ಎಂದಿತು. ಪೋಸ್ಟ್ ಮಾಸ್ತರರು ಕೇಳಿಸಿಕೊಂಡು ಬರೆದು, ಲಕೋಟೆಗೆ ಅಂಟು ಹಾಕಿ ನನ್ನ ಕೈಗೆ ಕೊಟ್ಟರು.

"ಸಾರವ್ವಂದೈತಿ. ತಡಾ ಮಾಡಬ್ಯಾಡ, ಜಲ್ದಿ ಮುಟ್ಟಸು" ಎಂದರು. ಮುಖ ಗಂಟು ಹಾಕಿಕೊಂಡಿದ್ದರು.

ಆ ಕಾಲದ ತಂತಿ ಎಂದರೇನೆಂದು ಈಗಿನವರಿಗೆ ಹೇಗೆ ಹೇಳಲಿ? ನಮ್ಮ ಹಳ್ಳಿಗಳಿಗೆ ಸುಖದ ಸುದ್ದಿ ಕಾಗದದಲ್ಲಿ ಬರುತ್ತಿತ್ತು, ಸಾವಿನ ಸುದ್ದಿ ತಂತಿಯಲ್ಲಿ. ತಂತಿ ಹಿಡಿದು ನಾನು ಓಣಿ ಹೊಕ್ಕರೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ವರ್ಷವೇ ಫೌಜಿಗೆ ಹೋದ ಹುಡುಗರ ಎರಡು ಮನೆಗೆ ಅಂಥ ಲಕೋಟೆ ಕೊಟ್ಟು ಬಂದಿದ್ದೆ. ಮೇಲಾಗಿ ಮಾಸ್ತರರ ಗಂಟುಮುಖ. ಅವರ ಮುಖ ಮಗಳ ಮದುವೆಯ ದಿನವೂ ಹಾಗೇ ಇತ್ತು ಎಂಬುದು ಆಗ ನನಗೆ ನೆನಪಾಗಲಿಲ್ಲ. ಸಾಮು ಹೋದ ಎಂದೇ ತಿಳಿದೆ.

ಸೈಕಲ್ಲು ಹತ್ತಿದೆ. ಸಾರವ್ವನ ಮನೆಗೆ ಬೀಗ. ಆಗಲೇ ಪ್ರಾರ್ಥನೆಗೆ ಹೋಗಿದ್ದಳು. ಮಂದಿರದ ಬಾಗಿಲಲ್ಲಿ ಸಿಕ್ಕಳು. ಒಗೆದು ಮಡಿಚಿಟ್ಟ ಬಿಳಿ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಮದುವಣಗಿತ್ತಿಯ ತಾಯಿಯ ಹಾಗೆ ನಿಂತಿದ್ದಳು. ನನ್ನನ್ನು ನೋಡಿ ನಕ್ಕಳು. ಎರಡು ವರ್ಷದಲ್ಲಿ ಆಕೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನನ್ನ ಕೈ ಕಿಸೆಗೆ ಹೋಯಿತು. ಹೋದ ಕೈ ಲಕೋಟೆಯನ್ನು ಬಿಟ್ಟು ಕರವಸ್ತ್ರ ಹೊರತೆಗೆದು ಬೆವರು ಒರೆಸಿಕೊಂಡಿತು.

ರೊಟ್ಟಿ ತೆಗೆದುಕೊಳ್ಳಲಿ, ಆಮೇಲೆ ಕೊಡೋಣ ಎಂದುಕೊಂಡೆ. ಸತ್ತವನು ಎರಡು ತಾಸಿನಲ್ಲಿ ಇನ್ನಷ್ಟು ಸಾಯುವುದಿಲ್ಲ. ಈಗಲೇ ಕೊಟ್ಟರೆ ಈ ಹೆಂಗಸು ಇನ್ನೆಂದೂ ದೇವರ ಮುಂದೆ ಕೈಯೊಡ್ಡಲಿಕ್ಕಿಲ್ಲ. ಸರಕಾರದ ಕೆಲಸಕ್ಕಿಂತ ಒಂದು ಆತ್ಮದ ಸಮಾಧಾನ ದೊಡ್ಡದು. ಹೀಗೆ ಏನೇನೋ ಹೇಳಿಕೊಂಡೆ. ಖರೆ ಹೇಳಬೇಕೆಂದರೆ ಅದರಲ್ಲಿ ಅರ್ಧ ಮಾತ್ರ ಕರುಣೆ, ಇನ್ನರ್ಧ ಹೇಡಿತನ. ಆ ನಗು ನನ್ನ ಕೈಯಿಂದ ಆರುವುದು ಬೇಡವಾಗಿತ್ತು. ಜೊತೆಗೆ ಪಾದ್ರಿಗಳು ಬಂದ ದಿನ ಹಾಡು ಎತ್ತಿಕೊಡಲು ನಾನಿಲ್ಲದಿದ್ದರೆ ಹೇಗೆ ಎಂಬ ಹಮ್ಮೂ ಇತ್ತು.

ಆ ಎರಡು ತಾಸು ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಕುಳಿತಂತೆ ಕುಳಿತೆ. ಮೊದಲನೆಯ ಹಾಡಿನ ಎರಡನೆಯ ನುಡಿಯನ್ನೇ ಎರಡು ಸಲ ಹೇಳಿಸಿದೆ, ಜನ ತಿರುಗಿ ನೋಡಿದರು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಮಾಸ್ತರರ ಮುಖ, ತೆರೆದರೆ ಸಾರವ್ವನ ಬೆನ್ನು. ಆ ದಿನ ಆಕೆ ಮುಂದಿನ ಚಾಪೆಯ ಮೇಲೆ ಕುಳಿತಿದ್ದಳು. ಪಾದ್ರಿಗಳ ಉಪದೇಶ ಉದ್ದವಾಯಿತು. ಏನು ಹೇಳಿದರೋ ಒಂದಕ್ಷರ ತಲೆಗೆ ಹೋಗಲಿಲ್ಲ. ಬೇವಿನ ಮರದ ನೆರಳು ಹೊಸ್ತಿಲಿನಿಂದ ಅಂಗಳಕ್ಕೆ ಸರಿಯುತ್ತಿತ್ತು. ಎದ್ದು ಹೋಗಿ ಕೊಟ್ಟುಬಿಡಲೇ ಎಂದು ಮೂರು ಸಲ ಮಂಡಿ ಎತ್ತಿದೆ, ಮೂರು ಸಲ ಕುಳಿತೆ.

ಕೊನೆಗೆ ರೊಟ್ಟಿಯ ಹೊತ್ತು ಬಂತು. ಸಾರವ್ವ ಎದ್ದು ಮುಂದೆ ಹೋಗಿ ಮೊಣಕಾಲೂರಿ ಎರಡೂ ಕೈ ಚಾಚಿದಳು. ಪಾದ್ರಿಗಳು ಅವಳ ಅಂಗೈಯಲ್ಲಿ ತುಣುಕು ಇಟ್ಟರು. ನಾನು ಅತ್ತುಬಿಟ್ಟೆ. ಸರಿಯಾದದ್ದನ್ನೇ ಮಾಡಿದೆ ಎಂದು ಆ ಒಂದು ಗಳಿಗೆ ಪೂರ್ತಿಯಾಗಿ ನಂಬಿದ್ದೆ.

ಆಶೀರ್ವಾದ ಮುಗಿದು ಜನ ಹೊರಗೆ ಬಂದರು. ಬೇವಿನ ಮರದ ಕೆಳಗೆ ಲಕೋಟೆ ಕೊಟ್ಟೆ. ಸಾರವ್ವನ ಮುಖದ ಬಣ್ಣ ಹೋಯಿತು.

"ಓದು" ಎಂದಳು.

ಒಡೆದು ನೋಡಿದೆ. ತಂತಿ ಹುಬ್ಬಳ್ಳಿಯಿಂದ ಬಂದಿತ್ತು. ಇಂಗ್ಲಿಷಿನಲ್ಲಿ ಒಂದೇ ಸಾಲು. ಸಾವಿನ ಸುದ್ದಿಗೆ ಸಿದ್ಧನಾಗಿದ್ದ ನನಗೆ ಅರ್ಥವಾಗಲು ಎರಡು ಸಲ ಓದಬೇಕಾಯಿತು. ಇವತ್ತು ಮಧ್ಯಾಹ್ನ ಪುಣೆ ಗಾಡಿಯಲ್ಲಿ ಘಟಪ್ರಭಾ ಹಾದುಹೋಗುತ್ತೇನೆ, ಅವ್ವ ಬರಲಿ, ಸಾಮು. ಅಷ್ಟೇ.

"ಬದುಕ್ಯಾನ?" ಎಂದಳು ಸಾರವ್ವ.

"ಬದುಕ್ಯಾನವ್ವ. ಸ್ಟೇಶನ್ನಿಗೆ ಬಾ ಅಂದಾನ. ಇವತ್ತ, ಮಧ್ಯಾಹ್ನ."

ಪುಣೆ ಗಾಡಿ ಘಟಪ್ರಭಾಕ್ಕೆ ಬರುವುದು ಹನ್ನೆರಡಕ್ಕೆ. ಪಾದ್ರಿಗಳ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು. ತಂತಿ ಮುಟ್ಟಿದ ಚೀಟಿಯ ಮೇಲೆ ಆಕೆಯ ಹೆಬ್ಬೆಟ್ಟು ಒತ್ತಿಸಿ ಹೊತ್ತು ಬರೆಯಬೇಕಿತ್ತು. ಒಂಬತ್ತೂಕಾಲು ಎಂದು ಬರೆಯಲು ನನ್ನ ಪೆನ್ಸಿಲ್ಲು ಒಂದು ಕ್ಷಣ ಹವಣಿಸಿತು. ಬರೆದದ್ದು ಹನ್ನೊಂದು ಇಪ್ಪತ್ತೇ. ಆ ದಿನ ನಾನು ಸರಿಯಾಗಿ ಮಾಡಿದ ಸರಕಾರಿ ಕೆಲಸ ಅದೊಂದು.

ಚಕ್ಕಡಿ ಹೂಡಿದರೆ ಎರಡು ತಾಸು. "ಸೈಕಲ್ ಮ್ಯಾಲ ಕೂಡ್ತಿಯೇನವ್ವ?" ಎಂದೆ. ಸೈಕಲ್ಲು ಮುಟ್ಟಿ ನೋಡಿದವಳಲ್ಲ. ಸೀರೆ ಎತ್ತಿ ಕಟ್ಟಿ, ಹಿಂದಿನ ಕ್ಯಾರಿಯರ್ ಮೇಲೆ ಕುಳಿತು ನನ್ನ ಅಂಗಿ ಹಿಡಿದಳು. ಜನ ಬಾಯಿ ತೆರೆದು ನೋಡುತ್ತಿದ್ದರು. ನಾನು ಸರಕಾರದ ಸೈಕಲ್ಲಿನ ಮೇಲೆ ಸಾರವ್ವನನ್ನು ಹೇರಿಕೊಂಡು ಅರಭಾವಿ ದಾರಿ ಹಿಡಿದೆ.

ಬಿಸಿಲು, ಧೂಳು, ದಾರಿಯುದ್ದಕ್ಕೂ ಕಲ್ಲು. ಎರಡು ಮೈಲು ಕಳೆಯಿತು. ಆಮೇಲೆ ಹಿಂದಿನಿಂದ ದನಿ ಬಂತು.

"ದಾನಪ್ಪ, ತಂತಿ ಯಾವಾಗ ಬಂತೊ?"

ಸುಳ್ಳು ಹೇಳಬಹುದಿತ್ತು. "ಒಂಬತ್ತಕ್ಕ" ಎಂದೆ.

ಅಂಗಿ ಹಿಡಿದ ಕೈ ಸಡಿಲಾಯಿತು. "ಯಾಕೊ?" ಎಂದಳು.

"ಸಾವಿನ ಸುದ್ದಿ ಅಂತ ತಿಳಿದ್ಯವ್ವ. ನೀ ರೊಟ್ಟಿ ತಗೊಳ್ಳೂತನಾ ಬ್ಯಾಡ ಅಂತ."

ಆಕೆಯ ಮುಖ ನನಗೆ ಕಾಣುತ್ತಿರಲಿಲ್ಲ. ಕಂಡಿದ್ದರೆ ಸೈಕಲ್ಲು ತುಳಿಯಲು ಆಗುತ್ತಿರಲಿಲ್ಲವೇನೋ. ಸ್ವಲ್ಪ ಹೊತ್ತಿಗೆ ಕೈ ಮತ್ತೆ ಅಂಗಿಯನ್ನು ಬಿಗಿಯಾಗಿ ಹಿಡಿಯಿತು. "ಜೋರಾಗಿ ಹೊಡಿ" ಎಂದಳು.

ಅರಭಾವಿಯ ಹತ್ತಿರ ದಾರಿತುಂಬ ಕುರಿಹಿಂಡು. ಕುರಿಗಳಿಗೆ ಗಂಟೆ ಬಾರಿಸಿದರೆ ತಿಳಿಯುತ್ತದೆಯೇ? "ಸ್ವಲ್ಪ ತಡೀರಿ ಅಣ್ಣಾರ, ಈಗ ದಾಟತಾವು" ಎಂದು ಕುರುಬ ಸಮಾಧಾನದಿಂದ ಹೇಳಿದ. ಸಾರವ್ವ ಇಳಿದು ಬರಿಗಾಲಲ್ಲೇ ಆ ಕುರಿಗಳ ನಡುವೆ ನುಗ್ಗಿ ಓಡಿದಳು. ನಾನು ಸೈಕಲ್ಲನ್ನು ಹೆಗಲಿಗೆ ಎತ್ತಿಕೊಂಡು ಹಿಂದೆ ಓಡಿದೆ. ಸುಗ್ಗಿ ಮುಗಿದ ಹೊಲಗಳು ಎರಡೂ ಬದಿಗೆ ಬೋಳಾಗಿ ಬಿದ್ದಿದ್ದವು. ಘಟಪ್ರಭಾ ಇನ್ನೂ ದೂರವಿರುವಾಗಲೇ ಇಂಜಿನ್ನಿನ ಸಿಳ್ಳು ಕೇಳಿಸಿತು. ಬರುವ ಗಾಡಿಯದೋ ಹೊರಡುವ ಗಾಡಿಯದೋ ತಿಳಿಯಲಿಲ್ಲ.

ನಾವು ಮುಟ್ಟಿದಾಗ ಪ್ಲಾಟ್‌ಫಾರ್ಮ್ ಖಾಲಿ. ಒಬ್ಬ ಹಮಾಲ ಪೆಟ್ಟಿಗೆಯ ಮೇಲೆ ಕುಳಿತು ಬೀಡಿ ಸೇದುತ್ತಿದ್ದ.

"ಪುಣೆ ಗಾಡಿ?" ಎಂದೆ.

"ಈಗ ಹೋತಲ್ರಿ. ಇವತ್ತ ತಡಾ ಆಗೇ ಬಂದಿತ್ತು. ಈ ಬೀಡಿ ಹಚ್ಚಿದಾಗ ಬಿಟ್ಟೈತಿ ನೋಡ್ರಿ."

ಬೀಡಿ ಅರ್ಧ ಮುಗಿದಿತ್ತು. ಅವನು ನಮ್ಮಿಬ್ಬರನ್ನೂ ನೋಡಿ ಎದ್ದು ನಿಂತ. "ಫೌಜಿ ಹುಡುಗನ ಸಲುವಾಗಿ ಬಂದೀರೇನ್ರಿ? ಅಗಸೀ ಬಾಗಲದಾಗ ದಾರಿ ನೋಡಕೋತ ನಿಂತಿದ್ದ. ಬಿಳೀ ಸೀರಿ ಉಟ್ಟ ಹೆಣಮಗಳು ಬಂದಾಳೇನು ಅಂತ ಎಲ್ಲಾರ್ನೂ ಕೇಳಿದ. ಗಾರ್ಡ್ ಶಿಟ್ಟಿ ಊದಿದ ಮ್ಯಾಲೂ ನಿಂತಿದ್ದ. ಕಡೀಕ ಓಡಿ ಹತ್ತಿದ."

"ಎಲ್ಲಿ ನಿಂತಿದ್ದಾ?" ಎಂದಳು ಸಾರವ್ವ.

ಹಮಾಲ ಬಾಗಿಲ ಪಕ್ಕದ ಕಬ್ಬಿಣದ ಕಂಬಿ ತೋರಿಸಿದ. ಆಕೆ ಹೋಗಿ ಆ ಕಂಬಿಯ ಮೇಲೆ ಅಂಗೈ ಇಟ್ಟಳು. ಹನ್ನೆರಡೂವರೆಯ ಬಿಸಿಲಿಗೆ ಕಬ್ಬಿಣ ಕಾದಿತ್ತು. ಆಕೆ ಕೈ ತೆಗೆಯಲಿಲ್ಲ. ನಾನೇ ಹೋಗಿ ತೆಗೆಸಬೇಕಾಯಿತು.

ವಾಪಸು ಬರುವಾಗ ಸೈಕಲ್ಲು ಹತ್ತಲಿಲ್ಲ. ಎಂಟು ಮೈಲೂ ನಡೆದೆವು, ಆಕೆ ಮುಂದೆ, ನಾನು ಸೈಕಲ್ಲು ನೂಕುತ್ತ ಹಿಂದೆ. ಬೈಯಲಿ, ಹೊಡೆಯಲಿ ಎಂದು ಕಾಯುತ್ತಿದ್ದೆ. ಓಣಿಯಲ್ಲಿ ಜನ ಕೇಳಿದ್ದಕ್ಕೆ "ಹೋಗೂದು ತಡಾ ಆತು" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ಹಗುರಾಗುತ್ತಿತ್ತು.

ಸಂಜೆ ಪಾದ್ರಿಗಳ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಸಮಾಧಾನದ ಮಾತು ಹೇಳುತ್ತಾರೆಂಬ ಆಸೆಯಿತ್ತು. "ದೇವರ ಕೆಲಸ ಮೊದಲು ಅಂತ ಹಂಗ ಮಾಡಿದ್ನಿರಿ. ಸರಕಾರದ್ದು ಆಮ್ಯಾಲ ಅಂತ" ಎಂದೆ.

ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡರು. ಆಮೇಲೆ ಹೇಳಿದರು: "ಆ ತಂತಿ ಸರಕಾರದ್ದೂ ಅಲ್ಲ, ದೇವರದೂ ಅಲ್ಲ, ದಾನಪ್ಪ. ಅದು ಸಾರವ್ವಂದು. ನೀ ನಡುವ ಬಂದು ನನ್ನ ಉಪದೇಶ ನಿಲ್ಲಿಸಿದ್ರ ನಾ ಬೈತಿದ್ದೆ ಅಂತ ತಿಳಿದಿದ್ಯೇನು? ರೊಟ್ಟಿ ಅಲ್ಲೇ ಇರತಿತ್ತು. ದೇವರು ಕಾಯತಿದ್ದ. ರೈಲು ಕಾಯಲಿಲ್ಲ."

ಮರುದಿನ ಮಾಸ್ತರರು ಚೀಟಿ ನೋಡಿದರು. "ಎರಡು ತಾಸು ಎಲ್ಲಿದ್ದಿ?" ಎಂದರು. ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಳಗ ಏನೈತಿ ಅಂತ ನನಗ ಗೊತ್ತಿತ್ತು. ಬ್ಯಾರೇದವರ ತಂತಿ ಬಾಯಿ ಬಿಟ್ಟು ಹೇಳೂದಿಲ್ಲ ಅಂತ ನಾನೂ ಆಣಿ ಮಾಡೇನಲ್ಲ. ಅದಕ್ಕ ಜಲ್ದಿ ಅಂದೆ." ಮೇಲಿನವರಿಗೆ ವರದಿ ಬರೆದರು, ನನಗೆ ತಾಕೀತು ಬಂತು. ಅದು ನನಗೆ ತಟ್ಟಲೇ ಇಲ್ಲ. ನಿಜವಾದ ಶಿಕ್ಷೆ ಬೇರೆಯೇ ಇತ್ತು. 

ಸಾಮುವಿನ ಕಾಗದಗಳು ನಿಂತುಹೋದವು. ಸಾರವ್ವ ಆ ಸೋಮವಾರವೇ ನನ್ನಿಂದ ಕಾಗದ ಬರೆಸಿದಳು, ಆಮೇಲೂ ಎರಡು ಬರೆಸಿದಳು. ಅವನ ದಳ ಎಲ್ಲೆಲ್ಲಿಗೆ ಹೋಯಿತೋ, ಹಳೆಯ ವಿಳಾಸಕ್ಕೆ ಹಾಕಿದ ಒಂದಕ್ಕೂ ಉತ್ತರವಿಲ್ಲ. ದಿನಾಲೂ ನಾನು ಚೀಲ ಹೊತ್ತು ಓಣಿ ಹೊಕ್ಕರೆ ಮೊದಲನೆಯ ಮನೆಯೇ ಅವಳದು. ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು.

"ಇವತ್ತ?"

"ಇಲ್ಲವ್ವ."

ಇಷ್ಟೇ ಮಾತು. ಹನ್ನೊಂದು ತಿಂಗಳು. ಓಣಿಗೆ ಹಿಂದಿನ ದಾರಿಯಿಂದ ಹೋಗಬಹುದಿತ್ತು, ಒಂದು ದಿನ ಹೋಗಿಯೂ ನೋಡಿದೆ. ಮರುದಿನ ಆಕೆ "ನಿನ್ನೆ ಬರಲಿಲ್ಲಲ್ಲ, ನಿನಗೇನರ ಜಡ್ಡ ಆಗಿತ್ತೇನೋ?" ಎಂದು ಕೇಳಿದಳು. ಆಮೇಲೆ ಆ ದಾರಿ ತುಳಿಯಲಿಲ್ಲ. ನನಗೆ ಊಟ ಸೇರುತ್ತಿರಲಿಲ್ಲ. ಹಾಡು ಎತ್ತಿಕೊಡುವುದನ್ನು ಬಿಟ್ಟೆ. ರವಿವಾರ ಪ್ರಾರ್ಥನೆಯಲ್ಲಿ ಹಿಂದಿನ ಚಾಪೆಯ ಮೇಲೆ, ಸಾರವ್ವ ಎರಡು ವರ್ಷ ಕುಳಿತ ಜಾಗದಲ್ಲೇ ಕೂರುತ್ತಿದ್ದೆ. ರೊಟ್ಟಿಗೆ ಕೈಯೊಡ್ಡುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಹಾಗೆ.

ಮರುವರ್ಷ ಒಂದು ರವಿವಾರ ಪಾದ್ರಿಗಳು ಉಪದೇಶ ಮಾಡುತ್ತಿದ್ದಾಗ ಬಾಗಿಲಲ್ಲಿ ನೆರಳಾಡಿತು. ಹುಸೇನಸಾಬ. ಒಳಗೆ ಬರದೆ, ಚಪ್ಪಲಿ ಕಳಚಿ ಹೊಸ್ತಿಲ ಹೊರಗೆ ನಿಂತಿದ್ದ. ಹಿಂದಿನ ಸಂಜೆ ತಡವಾಗಿ ಬಂದ ಚೀಲವನ್ನು ಬೆಳಿಗ್ಗೆ ಪಾಳಿಯಲ್ಲಿ ಕುಳಿತು ವಿಂಗಡಿಸುವಾಗ ಅವನಿಗೆ ಅದು ಸಿಕ್ಕಿತ್ತು. ಫೌಜಿನ ಮುದ್ರೆಯ ಕಾಗದ. ಸೋಮವಾರ ಹಂಚಬೇಕಾದದ್ದು.

"ನಾಳೆತನಾ ಇಟ್ಕೋಳಾಕ ಮನಸ್ಸಾಗಲಿಲ್ಲೊ" ಎಂದು ಪಿಸುಗುಟ್ಟಿ ನನ್ನ ಕೈಗೆ ಕೊಟ್ಟ.

ಈ ಸಲ ನಾನು ಕುಳಿತುಕೊಳ್ಳಲಿಲ್ಲ. ಜನರ ನಡುವೆ ಹಾದು ನೇರ ಮುಂದೆ ನಡೆದೆ. ಪಾದ್ರಿಗಳು ಅರ್ಧ ಮಾತಿಗೇ ನಿಲ್ಲಿಸಿದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಪುಸ್ತಕ ಮುಚ್ಚಿ ಕುರ್ಚಿಯ ಮೇಲೆ ಕುಳಿತುಬಿಟ್ಟರು. ಸಾರವ್ವನಿಗೆ ಕಾಗದ ಕೊಟ್ಟೆ. ಆಕೆ ಅದನ್ನು ಮುಟ್ಟಿ ನನಗೇ ತಿರುಗಿ ಕೊಟ್ಟಳು. "ಓದು. ಗಟ್ಟ್ಯಾಗಿ ಓದು" ಎಂದಳು.

ಓದಿದೆ. ಅವನು ಹೀಗೆ ಬರೆದಿದ್ದ: "ಅವ್ವಾ, ಆ ದಿನ ಸ್ಟೇಶನ್ನಿನಲ್ಲಿ ನಿನ್ನ ದಾರಿ ನೋಡಿದೆ. ನೀನು ಬರಲಿಲ್ಲ. ನಿನ್ನ ಮನಸ್ಸು ತಿಳಿಯಿತು. ಲಾರಿ ನಡೆಸುತ್ತಿದ್ದೇನೆ, ಆರಾಮ ಇದ್ದೇನೆ. ಇನ್ನು ಕಾಗದ ಬರೆದು ನಿನಗೆ ತ್ರಾಸು ಕೊಡುವುದಿಲ್ಲ." ಕೆಳಗೆ ಹೊಸ ವಿಳಾಸವಿತ್ತು. ನಮ್ಮ ಮೂರು ಕಾಗದಗಳಲ್ಲಿ ಒಂದೂ ಅವನಿಗೆ ಮುಟ್ಟಿರಲಿಲ್ಲ.

ನಾನು ಅಲ್ಲೇ ನಿಂತು, ಆ ತಂತಿ ಎರಡು ತಾಸು ನನ್ನ ಕಿಸೆಯಲ್ಲಿತ್ತು, ಸಾರವ್ವನ ತಪ್ಪೇನೂ ಇಲ್ಲ ಎಂದು ಎಲ್ಲರೆದುರು ಹೇಳಿದೆ. ಹೇಳಿ ಮುಗಿಸುವುದರಲ್ಲಿ ಆಕೆ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೊರಟಳು. "ಅಳೂದು ಆಮ್ಯಾಲ. ಮೊದಲ ಉತ್ತರ ಬರಿ."

ಆಕೆಯ ಕಟ್ಟೆಯ ಮೇಲೆ ಕುಳಿತು ಕಾಗದ ಹಾಸಿದೆ. ಏನು ಬರೆಯಲಿ ಎಂದೆ. ಸಾರವ್ವ ಬಲಗೈಯನ್ನು ಕಾಗದದ ಮೇಲೆ ಬೆರಳು ಅಗಲಿಸಿ ಇಟ್ಟಳು.

"ಇದರ ಸುತ್ತ ಗೆರಿ ಹೊಡಿ. ಈ ಕೈ ಅವನ ತಲಿ ಮ್ಯಾಲ ಐತಿ ಅಂತ ಬರಿ. ಮತ್ತೇನೂ ಬ್ಯಾಡ."

ಒಂದೊಂದೇ ಬೆರಳಿನ ಸುತ್ತ ಗೆರೆ ಎಳೆದೆ. ಕಿರುಬೆರಳ ಹತ್ತಿರ ಪೆನ್ಸಿಲ್ಲು ಜಾರಿ ಗೆರೆ ಸೊಟ್ಟಗಾಯಿತು. ಆಕೆ ಹೇಳಿದ ಮಾತು ಬರೆದೆ. "ಯವ್ವಾ, ತಪ್ಪು ನಂದು ಅಂತ ಬರೀಲಿ?" ಎಂದು ಕೇಳಿದೆ.

"ಅದು ನಿನ್ನ ಮಾತು. ನೀ ಬರಕೊ" ಎಂದಳು.

ಅಂಗೈಯ ಕೆಳಗೆ ಮೂರು ಸಾಲು ಬರೆದೆ. ತಂತಿ ಒಂಬತ್ತಕ್ಕೆ ಬಂತು, ನಾನು ಹನ್ನೊಂದು ಇಪ್ಪತ್ತಕ್ಕೆ ಕೊಟ್ಟೆ, ನಿನ್ನ ಅವ್ವ ಬರಿಗಾಲಲ್ಲಿ ಓಡಿ ಬಂದಿದ್ದಳು ಎಂದು. ಅಂದೇ ಚೀಲಕ್ಕೆ ಹಾಕಿದೆ. ಯುದ್ಧದ ಕಾಲದಲ್ಲಿ ಕಾಗದಗಳನ್ನು ಒಡೆದು ನೋಡುತ್ತಿದ್ದರು. ಈ ಅಂಗೈಯನ್ನು ಏನೆಂದು ತಿಳಿದು ಮುಂದೆ ಬಿಟ್ಟರೋ. ಎರಡು ತಿಂಗಳ ಮೇಲೆ ಸಾಮುವಿನ ಕಾರ್ಡು ಬಂತು. "ಮುಟ್ಟಿತು ಅವ್ವಾ" ಎಂಬ ಎರಡೇ ಮಾತು. ನನ್ನ ವಿಷಯ ಒಂದಕ್ಷರವೂ ಇರಲಿಲ್ಲ. ಅದು ನನ್ನನ್ನು ಮತ್ತೆ ಎರಡು ವರ್ಷ ಕೊರೆಯಿತು.

ಯುದ್ಧ ಮುಗಿದು, ೧೯೪೬ರಲ್ಲಿ ಸಾಮು ಬಂದ. ಸುದ್ದಿ ಕೇಳಿದರೂ ನಾನು ಅವರ ಮನೆಗೆ ಹೋಗಲಿಲ್ಲ. ಮಧ್ಯಾಹ್ನ ಅವನೇ ನಮ್ಮ ಬಾಗಿಲಿಗೆ ಬಂದ. ಮೈ ತುಂಬಿತ್ತು, ಮುಖ ಕಪ್ಪಾಗಿತ್ತು. ಒಳಗೆ ಬಂದು ಕುಳಿತು ತಲೆಯ ಮೇಲಿನ ಫೌಜಿ ಟೋಪಿ ತೆಗೆದ. ಟೋಪಿಯ ಒಳಗಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ಬಿಡಿಸಿ ಮುಂದಿಟ್ಟ. ಬೆವರಿಗೆ ಹಳದಿಯಾಗಿತ್ತು, ಮಡಿಕೆಗಳಲ್ಲಿ ಹರಿದಿತ್ತು. ಸೊಟ್ಟ ಕಿರುಬೆರಳು ಮಾತ್ರ ಗುರುತು ಸಿಗುತ್ತಿತ್ತು. ಅದರ ಕೆಳಗೆ ನನ್ನ ಮೂರು ಸಾಲು.

"ಈ ಅಕ್ಷರ ನಿಂದಲ್ಲ, ದಾನಪ್ಪಣ್ಣ?" ಎಂದ.

"ನಂದ" ಎಂದೆ.

"ಹೆದರಿಕಿ ಬಂದಾಗ ಅವ್ವನ ಕೈ ತಲೀಗೆ ತಾಗೂ ಹಂಗ ಇಟ್ಕೋತಿದ್ದೆ. ಅವ್ವ ಬರಲೇ ಇಲ್ಲ ಅಂತ ಮನಸ್ಸು ಕುದ್ದಾಗ ನಿನ್ನ ಅಕ್ಷರ ಓದತಿದ್ದೆ. ಎರಡೂ ಬೇಕಾದ್ವು" ಎಂದ. ಆಮೇಲೆ ನನ್ನ ಹೆಂಡತಿಯನ್ನು ಕರೆದು ಚಹಾ ಕೇಳಿದ.

ಮುಂದಿನ ಪ್ರಭುಭೋಜನದ ದಿನ ನಾನೂ ಕೈಯೊಡ್ಡಿದೆ. ನನ್ನ ಒಂದು ಬದಿಗೆ ಸಾರವ್ವ, ಇನ್ನೊಂದು ಬದಿಗೆ ಸಾಮು ಮೊಣಕಾಲೂರಿದ್ದರು.

ಈಗ ಸಾರವ್ವ ಇಲ್ಲ, ಆ ಪಾದ್ರಿಗಳೂ ಇಲ್ಲ. ನಾನು ಪೆನ್ಶನ್ ತೆಗೆದುಕೊಂಡು ಬಹಳ ವರ್ಷಗಳಾದವು. ತಂತಿ ಮುಟ್ಟಿಸುವ ಕೆಲಸ ಯಾರೂ ನನಗೆ ಹೇಳುವುದಿಲ್ಲ. ಆದರೂ ರವಿವಾರ ಪ್ರಾರ್ಥನೆಗೆ ಕಣ್ಣು ಮುಚ್ಚಿದ ಕೂಡಲೇ ನನ್ನ ಕೈ ತಾನಾಗಿಯೇ ಅಂಗಿಯ ಕಿಸೆಗೆ ಹೋಗುತ್ತದೆ. ಯಾರಿಗಾದರೂ ಕೊಡಬೇಕಾದದ್ದು ಅಲ್ಲಿ ಏನೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆಯೇ ನನ್ನ ಬಾಯಿಂದ ದೇವರ ಹೆಸರು ಹೊರಡುತ್ತದೆ.